ಕೆರೆ ಕಡೆ ಹೋಗಿ ಬರೋದು

ಹೋದ ವರ್ಷ ದಸರಾ ಮುಗಿದ ಮೇಲೆ ಊರಿಂದ ಅಪ್ಪ ಬಂದಿದ್ದ. ನಮ್ಮೂರು ಕೋಲಾರ ತಾಲ್ಲೂಕು, ನರಸಾಪುರದಿಂದ ಸ್ವಲ್ಪ ಆಚೆ. ನಾನಿರೋದು ಕಾಡುಬೀಸನಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಆಫೀಸು ವೈಟ್‌ಫೀಲ್ಡಿನಲ್ಲಿ. ಭಾನುವಾರ ಬೆಳಗ್ಗೆ ಕಾಫಿ ಕುಡೀತಾ, "ಅಪ್ಪಾ, ಕೆರೆ ಕಡೆ ಹೋಗಿ ಬರೋಣ ಬಾ" ಅಂದೆ. ಅಪ್ಪ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ.

"ಯಾಕಪ್ಪಾ, ಮನೇಲೇ ಎರಡು ಕಕ್ಕಸು ಐತಲ್ಲ?"

ಹೆಂಡತಿಗೆ ಮೊದಲು ಅರ್ಥ ಆಗಲಿಲ್ಲ, ಅವಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ನಾನು ವಿವರಿಸಿದ ಮೇಲೆ ಅಡುಗೆಮನೆಗೆ ಓಡಿಹೋಗಿ ನಕ್ಕಳು. ಹಳ್ಳಿಯಿಂದ ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಬೆಳಗ್ಗೆ ಚೆಂಬು ಹಿಡಿದು 'ಕೆರೆ ಕಡೆ ಹೋಗಿ ಬರ್ತೀನಿ' ಅಂದ್ರೆ ಅದಕ್ಕೆ ಇದ್ದದ್ದು ಒಂದೇ ಅರ್ಥ. ವಾಕಿಂಗ್ ಅನ್ನೋ ಅರ್ಥ ಅಂತೂ ಅಲ್ಲವೇ ಅಲ್ಲ.

ಕೊನೆಗೆ ಹೊರಟ್ವಿ. ಅಪ್ಪ, ನಾನು, ಆರು ವರ್ಷದ ಮಗಳು. ನಾವು ಹೋಗೋದು ಸರ್ಜಾಪುರ ರಸ್ತೆ ಕಡೆಯ ಒಂದು ಕೆರೆಗೆ, ಹೆಸರು ಬೇಡ. ಸುತ್ತ ಬೇಲಿ, ಎರಡು ಗೇಟು, ಒಳಗೆ ನಡೆಯೋಕೆ ದಾರಿ, ಅಲ್ಲಲ್ಲಿ ಕಲ್ಲುಬೆಂಚು. ಬೆಳಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು ತೆಗೆದಿರುತ್ತೆ. ಐದು ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ ಅಲ್ಲಿಗೆ ಹೋಗ್ತೀನಿ. ವಾರವೆಲ್ಲ ಔಟರ್ ರಿಂಗ್ ರೋಡಿನಲ್ಲಿ ಬ್ರೇಕು ಒತ್ತಿ ಒತ್ತಿ ಸತ್ತುಹೋದ ಕಾಲಿಗೆ, ಸ್ಕ್ರೀನು ನೋಡಿ ನೋಡಿ ಒಣಗಿದ ಕಣ್ಣಿಗೆ, ಆ ಒಂದೂವರೆ ಗಂಟೆ ಔಷಧಿ ಇದ್ದ ಹಾಗೆ. ಕೊಕ್ಕರೆ, ನೀರುಕಾಗೆ, ಒಮ್ಮೊಮ್ಮೆ ಹೆಜ್ಜಾರ್ಲೆ. ಸುಳ್ಳು ಯಾಕೆ, ಅಲ್ಲಿ ನನಗೆ ಖುಷಿಯಾಗುತ್ತೆ.

ಅಪ್ಪ ಗೇಟಿನ ಹತ್ತಿರ ನಿಂತು ಬೋರ್ಡು ಓದೋಕೆ ಶುರು ಮಾಡಿದ. ಅವನು ಓದಿರೋದು ಏಳನೇ ಕ್ಲಾಸು, ಆದ್ರೆ ಕಣ್ಣಿಗೆ ಬಿದ್ದ ಬೋರ್ಡು ಬಿಡೋ ಪೈಕಿ ಅಲ್ಲ. "ಈಜಬಾರದು. ಬಟ್ಟೆ ಒಗೆಯಬಾರದು. ದನಕರು ಬಿಡಬಾರದು. ಮೀನು ಹಿಡಿಯಬಾರದು. ಕಸ ಹಾಕಬಾರದು." ಓದಿ ಮುಗಿಸಿ ಕೇಳಿದ, "ಮತ್ತೆ ಈ ಕೆರೆ ಇರೋದು ಯಾತಕ್ಕೆ?"

"ನೋಡೋಕೆ ಅಪ್ಪಾ."

"ಬರೀ ನೋಡೋಕಾ?"

ಏರಿ ಮೇಲೆ ಹತ್ತುವಾಗ ಚಪ್ಪಲಿ ಬಿಟ್ಟ. ನಾನು ಬೇಡ ಅಂದರೂ ಕೇಳಲಿಲ್ಲ, ಕೈಯಲ್ಲಿ ಹಿಡಕೊಂಡೇ ನಡೆದ. ನೀರಿನ ಹತ್ತಿರ ಇಳಿಯೋಕೆ ಮೆಟ್ಟಿಲು ಇರೋ ಕಡೆ ಕಾಲು ತೊಳೆಯೋಣ ಅಂತ ಹೋದ. ಸೆಕ್ಯುರಿಟಿಯವನು ದೂರದಿಂದಲೇ ಸೀಟಿ ಊದಿದ. ಅಪ್ಪ ಮೇಲೆ ಬಂದ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಆಮೇಲೆ ಒಂದೊಂದೇ ಪ್ರಶ್ನೆ ಶುರುವಾಯ್ತು. ಈ ಕೆರೆಗೆ ತೂಬು ಎಲ್ಲೈತೆ? ಕೋಡಿ ಯಾವ ಕಡೆ? ನೀರು ಎಲ್ಲಿಂದ ಬರ್ತೈತೆ, ತುಂಬಿದ್ರೆ ಎಲ್ಲಿಗೆ ಹೋಗ್ತೈತೆ? ಅಚ್ಚುಕಟ್ಟು ಎಷ್ಟು ಎಕರೆ ಇತ್ತು?

ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ವರ್ಷದಲ್ಲಿ ಆ ಕೆರೆ ಸುತ್ತ ಎಷ್ಟು ಹೆಜ್ಜೆ ಹಾಕಿದ್ದೀನಿ ಅನ್ನೋದನ್ನ ಫೋನು ತೆಗೆದು ಹೇಳಬಲ್ಲೆ. ಅದರ ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತೆ ಅಂತ ಒಂದು ದಿನವೂ ನೋಡಿರಲಿಲ್ಲ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹಳ್ಳಿಯಲ್ಲಿ ಕೆರೆ ಅಂದ್ರೆ ದುಡಿಮೆ, ಪಟ್ಟಣದಲ್ಲಿ ಕೆರೆ ಅಂದ್ರೆ ಮೋಜು, ಹಾಗಾಗಿ ಪಟ್ಟಣದವರು ಪಾಪಿಗಳು ಅಂತ ಬರೆಯೋಕೆ ನಾನು ಕೂತಿಲ್ಲ. ನಮ್ಮೂರಲ್ಲೂ ಕೆರೆ ಏರಿ ಮೇಲೆ ಜನ ಸುಮ್ನೆ ಕೂರ್ತಿದ್ರು. ಎಮ್ಮೆ ನೀರಿಗಿಳಿದು ಮಲಗಿದ್ರೆ ಅದು ಎದ್ದು ಬರೋವರೆಗೂ ಕಾಯೋನಿಗೆ ಬೇರೆ ಕೆಲಸ ಏನಿರುತ್ತೆ? ಅವರ ಬಿಡುವು ಕೆಲಸದ ಮಡಿಲಲ್ಲೇ ಇತ್ತು. ನಮ್ಮದು ಕ್ಯಾಲೆಂಡರಿನಲ್ಲಿ ಬೇರೆಯಾಗಿ ಬರೆದಿಡಬೇಕಾದದ್ದು, ಅಷ್ಟೇ. ಇನ್ನು ನಮ್ಮ ಕೆರೆಗೆ ಬರೋರನ್ನ ನೋಡಿ. ಮಂಡಿ ನೋವಿನ ಅಜ್ಜಿ, ಪಿಜಿಯಲ್ಲಿ ನಾಲ್ಕು ಜನರ ಜೊತೆ ಒಂದು ರೂಮು ಹಂಚಿಕೊಂಡಿರೋ ಹುಡುಗಿ, ಮಾಲಿಗೆ ಹೋದ್ರೆ ಖರ್ಚಾಗುತ್ತೆ ಅಂತ ಮಕ್ಕಳನ್ನ ಇಲ್ಲಿಗೆ ಕರಕೊಂಡು ಬರೋ ಡ್ರೈವರು. ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮೆಷಿನ್ ನಡೆಸೋ ನನ್ನ ಚಿಕ್ಕಪ್ಪನ ಮಗ ಹೇಳ್ತಿರ್ತಾನೆ, "ನಿಮ್ಮ ಕಡೆ ಕೆರೆ ಆದ್ರೂ ಐತೆ ಅಣ್ಣ. ನಮಗೆ ಶಿಫ್ಟು ಮುಗಿಯೋ ಹೊತ್ತಿಗೆ ಪಾರ್ಕಿನ ಗೇಟು ಹಾಕಿರ್ತಾರೆ." ದುಡ್ಡು ಕೊಡದೆ ಕೂರೋಕೆ ಒಂದು ನೆರಳು ಸಿಗೋದು ಸಣ್ಣ ವಿಷಯ ಅಲ್ಲ. ಅದು ಇನ್ನೂ ಹೆಚ್ಚು ಜನಕ್ಕೆ ಸಿಗಬೇಕು ಅನ್ನೋದೇ ನನ್ನ ಪಕ್ಷ.

ನನ್ನ ಪ್ರಶ್ನೆ ಬೇರೆ. ಒಂದು ಸುಖದ ಬೆಲೆಯನ್ನ ಬೇರೆ ಯಾರೋ, ಬೇರೆ ಎಲ್ಲೋ ಕಟ್ತಿದ್ದರೆ, ಮತ್ತು ಅದು ನಮಗೆ ಗೊತ್ತೇ ಇಲ್ಲದಿದ್ದರೆ, ಆ ಸುಖ ಮುಗ್ಧವಾ?

ಮನೆಗೆ ಬಂದ ಮೇಲೆ ಅಪ್ಪನ ಪ್ರಶ್ನೆ ಬಿಡದೆ ಮ್ಯಾಪು ತೆಗೆದು ಕೂತೆ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಊರು ಕೂತಿರೋದು ದಿಬ್ಬದ ಮೇಲೆ, ನೀರು ನಾಲ್ಕೂ ಕಡೆ ಇಳಿದು ಹೋಗುತ್ತೆ. ಹಾಗಾಗಿಯೇ ಹಿಂದಿನವರು ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗೋ ಹಾಗೆ ಸಾಲು ಸಾಲು ಕೆರೆ ಕಟ್ಟಿದ್ದು. ಅಗರದಲ್ಲಿ ಸಿಕ್ಕಿರೋ ಒಂಬತ್ತನೇ ಶತಮಾನದ ಗಂಗರ ಕಾಲದ ಶಾಸನದಲ್ಲೇ ಕೆರೆಗಳಿಗೆ ತೂಬು ಇಡಿಸಿದ ಮಾತಿದೆ. ನಮ್ಮ ಕಡೆ ಕಸವನಹಳ್ಳಿ ಕೆರೆ ತುಂಬಿದ್ರೆ ಕೈಕೊಂಡರಹಳ್ಳಿ, ಅದು ತುಂಬಿದ್ರೆ ಸೌಳು ಕೆರೆ, ಅಲ್ಲಿಂದ ಬೆಳ್ಳಂದೂರು, ಆಮೇಲೆ ವರ್ತೂರು. ವರ್ತೂರಿಂದ ಮುಂದೆ ದಕ್ಷಿಣ ಪಿನಾಕಿನಿ, ಹೊಸೂರು ದಾಟಿ ತಮಿಳುನಾಡು, ಕೊನೆಗೆ ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ. ಸಮುದ್ರದ ದಡಕ್ಕೆ ಹೋಗಬೇಕು ಅಂತ ನಾವು ಲಾಂಗ್ ವೀಕೆಂಡಿಗೆ ಕಾಯ್ತೀವಿ. ನಮ್ಮ ಬಚ್ಚಲ ನೀರು ನಮಗಿಂತ ಮೊದಲೇ ಅಲ್ಲಿಗೆ ಹೊರಟಿರುತ್ತೆ.

ಬೆಳ್ಳಂದೂರು ಕೆರೆ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ. ಸುಮಾರು 900 ಎಕರೆಯ ಕೆರೆ. 2015ರಲ್ಲಿ ಕೆರೆಗೆ ಬೆಂಕಿ ಬಿತ್ತು, 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಇನ್ನೊಮ್ಮೆ. ನೀರಿಗೆ ಬೆಂಕಿ ಬಿದ್ದ ಊರು ಅಂತ ದೇಶವೆಲ್ಲ ನಮ್ಮನ್ನ ನೋಡಿತು. ಗಾಳಿ ಬೀಸಿದ್ರೆ ನೊರೆ ರಸ್ತೆಗೆ ಬಂದು ಬೈಕಿನವರ ಮುಖಕ್ಕೆ ಮೆತ್ತುತ್ತಿತ್ತು. ಆ ನೊರೆಯಲ್ಲಿ ದೊಡ್ಡ ಪಾಲು ನಮ್ಮ ಮನೆಗಳ ಸೋಪಿನ ಪುಡಿಯದು. 'ಬಟ್ಟೆ ಒಗೆಯಬಾರದು' ಅನ್ನೋ ಬೋರ್ಡು ನೆನಪಾಯ್ತು. ಕಲ್ಲಿನ ಮೇಲೆ ನಾಲ್ಕು ಸೀರೆ ಒಗೆಯೋ ಹೆಂಗಸನ್ನ ಸೀಟಿ ಊದಿ ಓಡಿಸ್ತೀವಿ. ಲಕ್ಷಾಂತರ ವಾಷಿಂಗ್ ಮೆಷಿನ್ನುಗಳು ದಿನಾ ಅದೇ ನೀರಲ್ಲಿ ಬಟ್ಟೆ ಒಗೀತಿವೆ, ಅವಕ್ಕೆ ಸೀಟಿ ಇಲ್ಲ. ಯಾಕಂದ್ರೆ ಅವು ಪೈಪಿನ ಮೂಲಕ ಒಗೆಯುತ್ತವೆ.

ಇಷ್ಟು ಹೇಳುವಾಗ ಅಪ್ಪ ಸುಮ್ನೆ ಕೇಳ್ತಿದ್ದ. ಆಮೇಲೆ, "ಹಂಗಾದ್ರೆ ನಮ್ಮ ಕೆರೆಗೆ ಬರ್ತಿರೋದು ಇದೇ ನೀರಲ್ವಾ?" ಅಂದ.

ಹೌದು. ಅದೇ.

ಕೋಲಾರ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿರೋ ಜಿಲ್ಲೆ, ವರ್ಷವೆಲ್ಲ ಹರಿಯೋ ನದಿ ಒಂದೂ ಇಲ್ಲ. ನಾನು ಪಿಯುಸಿ ಓದೋ ಹೊತ್ತಿಗೆ ನಮ್ಮೂರ ಕೆರೆ ಒಣಗಿ ಅದರೊಳಗೆ ಜಾಲಿ ಬೆಳೆದಿತ್ತು. ನಾವು ಹುಡುಗರು ಅಲ್ಲಿ ಕ್ರಿಕೆಟ್ ಆಡ್ತಿದ್ವಿ. ಬೋರ್‌ವೆಲ್ಲು ಸಾವಿರ ಅಡಿ ದಾಟಿತ್ತು. ಅಪ್ಪ ಮೂರು ಬೋರು ಕೊರೆಸಿ ಎರಡರಲ್ಲಿ ಬರೀ ಧೂಳು ನೋಡಿದ. ನಾನು ಬಿ.ಇ. ಓದಿ ಬೆಂಗಳೂರು ಸೇರಿದ್ದರ ಹಿಂದೆ ಆ ಧೂಳೂ ಇದೆ. ಆಮೇಲೆ 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನ ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರಿನಷ್ಟು ನೀರನ್ನ ಪಂಪು ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸೋ ಯೋಜನೆ. ಮೊದಲು ಲಕ್ಷ್ಮೀಸಾಗರ ಕೆರೆ, ಅಲ್ಲಿಂದ ಒಂದರ ಹಿಂದೆ ಒಂದು. ಮರು ತಿಂಗಳೇ ಲಕ್ಷ್ಮೀಸಾಗರದಲ್ಲೂ ನೊರೆ ಕಂಡಿತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವಾಯ್ತು. ಸುಪ್ರೀಂ ಕೋರ್ಟಿಗೂ ಹೋಗಿ ಬಂತು. ನೀರು ಬರ್ತಾ ಇದೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಅಲ್ಲಿನ ರೈತರು ಕೇಳ್ತಾನೇ ಇದ್ದಾರೆ.

ಅಂದ್ರೆ ದಾರಿ ಹೀಗಿದೆ. ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನ ಎತ್ತಿ ತಂದು ಬೆಂಗಳೂರಿಗೆ ಕೊಡ್ತಾರೆ. ಅದರಲ್ಲಿ ಒಂದು ಪಾಲು, ಜೊತೆಗೆ ಟ್ಯಾಂಕರಿನ ಒಂದು ಪಾಲು, ನಮ್ಮ ಮನೆ ನಲ್ಲಿಗೆ. ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಶ್ ಒತ್ತಿದ ಮೇಲೆ ಅದು ಈ ಕಣಿವೆಯ ಘಟಕಗಳಿಗೆ. ಅಲ್ಲಿಂದ ಅಪ್ಪನ ಊರಿನ ಕೆರೆಗೆ.

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ನಗೋಕೆ ಶುರು ಮಾಡಿದ. "ಅದಕ್ಕೇ ಬೆಳಗ್ಗೆ ಕೆರೆ ಕಡೆ ಹೋಗೋಣ ಅಂದಿದ್ದು ನೀನು! ನೀವೆಲ್ಲಾ ದಿನಾ ಹೋಗ್ತಾನೇ ಇದೀರಾ ಬಿಡು. ನಮ್ಮ ಕೆರೆ ಕಡೆಗೆ."

ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪನಿಗೆ ಈ ನೀರಿನ ಮೇಲೆ ಸಿಟ್ಟಿದೆ ಅಂದುಕೊಳ್ಳಬೇಡಿ. ಇಲ್ಲ. ಸತ್ತಿದ್ದ ಬೋರಿನಲ್ಲಿ ನೀರು ಬಂದಿದೆ, ಟೊಮ್ಯಾಟೊ ಹಾಕಿದ್ದಾನೆ. ಕೆರೆ ತುಂಬಿದ ದಿನ ಊರಿನವರು ಗಂಗಮ್ಮನಿಗೆ ಪೂಜೆ ಮಾಡಿದ್ರು. ಆದರೆ ಅದೇ ಅಪ್ಪ ಆ ಕೆರೆಗೆ ಇಳಿದು ಈಗ ಮುಖ ತೊಳೆಯಲ್ಲ. ಮೊಮ್ಮಗಳು ಊರಿಗೆ ಹೋದಾಗ "ತಾತಾ, ನೀರಲ್ಲಿ ಆಡ್ತೀನಿ" ಅಂದ್ರೆ ಬೇಡ ಅಂತಾನೆ. ಆ ನೀರು ಅಂತರ್ಜಲ ತುಂಬೋಕೆ ಮಾತ್ರ, ನೇರವಾಗಿ ಹೊಲಕ್ಕೆ ಬಿಡಬಾರದು ಅಂತ ಸರ್ಕಾರವೇ ಹೇಳಿದೆ. ಹಾಗಾಗಿ ನಮ್ಮೂರ ಕೆರೆಯೂ ಈಗ ಒಂದು ಥರ ನೋಡೋ ಕೆರೆಯೇ ಆಗಿದೆ. ವ್ಯತ್ಯಾಸ ಏನಂದ್ರೆ ಅಲ್ಲಿ ಬೆಂಚಿಲ್ಲ.

ಇಂಥ ಹೊತ್ತಲ್ಲಿ ನನ್ನಂಥವರು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳೋಕೆ ಮೂರು ಮಾತು ಇಟ್ಟುಕೊಂಡಿರ್ತೀವಿ.

ಮೊದಲನೇದು: ನಾನು ಟ್ಯಾಕ್ಸ್ ಕಟ್ತೀನಿ, ಮೇಂಟೆನೆನ್ಸ್ ಕಟ್ತೀನಿ, ಮಿಕ್ಕಿದ್ದು ನನ್ನ ತಲೆನೋವಲ್ಲ. ಈ ಮಾತಲ್ಲಿ ಅರ್ಧ ನಿಜ ಇದೆ. ಊರು ದೊಡ್ಡದಾದಾಗ ಎಲ್ಲರೂ ಹಾರೆ ಗುದ್ದಲಿ ಹಿಡಿಯೋಕೆ ಆಗಲ್ಲ, ಅದಕ್ಕೇ ತೆರಿಗೆ. ಆದರೆ ದುಡ್ಡು ಕೆಲಸವನ್ನ ವಹಿಸಿಕೊಡುತ್ತೆ, ಆ ಕೆಲಸ ಆಯ್ತಾ ಅಂತ ನೋಡೋ ಹೊಣೆಯನ್ನ ತೆಗೆದುಹಾಕಲ್ಲ. ಆಫೀಸಿನಲ್ಲಿ ವೆಂಡರಿಗೆ ದುಡ್ಡು ಕೊಟ್ಟಿದೀವಿ ಅಂತ ಕೋಡ್ ನೋಡದೇ ಪ್ರೊಡಕ್ಷನ್ನಿಗೆ ಬಿಡ್ತೀವಾ?

ಎರಡನೇದು: ಅವರಿಗೆ ಲಾಭವೇ ಆಗಿದೆಯಲ್ಲ? ಆಗಿದೆ. ಆದರೆ ಬಾಯಾರಿದವನು ಕೊಟ್ಟ ನೀರನ್ನ ಬೇಡ ಅನ್ನಲ್ಲ ಅನ್ನೋದು, ಎಂಥ ನೀರು ಕೊಟ್ಟರೂ ಸರಿ ಅನ್ನೋದಕ್ಕೆ ಆಧಾರ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಅದೇ ನೀರು ತುಂಬಿಸ್ತೀವಿ ಅಂದ್ರೆ ನಾವು ಒಪ್ತೀವಾ? ಒಪ್ಪಲ್ಲ ಅಂದ್ರೆ, ನಮಗೆ ಒಂದು ಅಳತೆ, ಅವರಿಗೆ ಇನ್ನೊಂದು ಅಳತೆ ಅಂತ ಆಯ್ತು.

ಮೂರನೇದು: ನಾನೊಬ್ಬ ಏನು ಮಾಡೋಕಾಗುತ್ತೆ? ಇದಕ್ಕೆ ಉತ್ತರ ಆಮೇಲೆ ಹೇಳ್ತೀನಿ.

ಕನ್ನಡದಲ್ಲಿ ಹಕ್ಕು ಅನ್ನೋ ಪದ ಇದೆ, ಹಂಗು ಅನ್ನೋ ಪದ ಇದೆ. ಹಕ್ಕು ಅಂದ್ರೆ ನನಗೆ ಬರಬೇಕಾದ್ದು. ಹಂಗು ಅಂದ್ರೆ ನಾನು ಯಾರಿಗೋ ಋಣಿಯಾಗಿರೋದು. ಹಂಗು ಅಂದ್ರೆ ನಮಗೆ ಅವಮಾನ, 'ಯಾರ ಹಂಗೂ ಬೇಡ' ಅಂತೀವಿ. ಆದರೆ ಕೆರೆ ಅನ್ನೋದು ನಡೆದದ್ದೇ ಎರಡೂ ಸೇರಿ. ಕೆರೆ ಕಟ್ಟಿದವನಿಗೆ, ಕಾಪಾಡೋನಿಗೆ ಭೂಮಿ ಬಿಡ್ತಿದ್ದ ಪದ್ಧತಿಗೆ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅಂತೆಲ್ಲ ಹೆಸರಿದೆ. ನೀರು ಬೇಕಾ, ಹೂಳೆತ್ತೋಕೆ ಬಾ. ಗದ್ದೆಗೆ ಪಾಲು ಬೇಕಾ, ಏರಿ ಒಡೆದ ರಾತ್ರಿ ಮಣ್ಣು ಹೊರು.

ಹಾಗಂತ ಅದು ಸತ್ಯಯುಗ ಏನಲ್ಲ. ನಮ್ಮೂರಲ್ಲಿ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದ ನೀರಗಂಟಿ ದಲಿತರ ಕೇರಿಯವನು. ಇಡೀ ಊರಿಗೆ ನೀರು ಕೊಡೋನು ಊರೊಳಗಿನ ಬಾವಿಯಿಂದ ಒಂದು ಕೊಡ ಸೇದೋ ಹಾಗಿರಲಿಲ್ಲ. ಇದನ್ನ ನಾನು ಓದಿ ತಿಳಿದದ್ದಲ್ಲ, ಅಜ್ಜಿ ಯಾವ ನಾಚಿಕೆಯೂ ಇಲ್ಲದೆ ಹೇಳಿದ್ದು. 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದು ಯಾಕೆ ಅಂತ ನೆನಪು ಮಾಡಿಕೊಳ್ಳಿ. ದನಕ್ಕೆ ಬಿಟ್ಟಿದ್ದ ನೀರನ್ನ ಮನುಷ್ಯರಿಗೆ ಬಿಟ್ಟಿರಲಿಲ್ಲ. ಕೆರೆ ಮುಂದೆ ಬೋರ್ಡು ಇದ್ದೇ ಇತ್ತು, ಬರೆದು ತಗಲುಹಾಕಿರಲಿಲ್ಲ ಅಷ್ಟೇ.

ಅಂದ್ರೆ ಹಳ್ಳಿಯ ಕೆರೆಯಲ್ಲೂ ಹಂಗೆಲ್ಲ ಕೆಲವರ ತಲೆ ಮೇಲೆ, ಹಕ್ಕೆಲ್ಲ ಇನ್ನು ಕೆಲವರ ಕೈಯಲ್ಲಿ ಇತ್ತು. ತೂಬಿನ ಬಾಯಿಯಲ್ಲಿ ಹೊಲ ಇರೋನಿಗೆ ತಿಳಿನೀರು, ಕೊನೆ ಹೊಲದವನಿಗೆ ಉಳಿದದ್ದು. ಈಗ ಅದೇ ಏರ್ಪಾಡು ಎಪ್ಪತ್ತು ಕಿಲೋಮೀಟರ್ ಉದ್ದಕ್ಕೆ ಎಳೆದಿದೆ. ತೂಬಿನ ಬಾಯಲ್ಲಿ ಬೆಂಗಳೂರು, ಕೊನೆ ಹೊಲದಲ್ಲಿ ಕೋಲಾರ. ಊರಲ್ಲಿದ್ದಾಗ ಕೊನೆ ಹೊಲದವನ ಮಗನಾಗಿದ್ದ ನಾನು ಈಗ ತೂಬಿನ ಬಾಯಲ್ಲಿ ಫ್ಲಾಟ್ ತಗೊಂಡಿದ್ದೀನಿ. ಇ.ಎಂ.ಐ. ಕಟ್ತೀನಿ ಅನ್ನೋದಕ್ಕೆ ಈ ಲೆಕ್ಕ ಚುಕ್ತಾ ಆಗಲ್ಲ.

ಈಗ ಆ ಮೂರನೇ ಮಾತು, ನಾನೊಬ್ಬ ಏನು ಮಾಡೋಕಾಗುತ್ತೆ ಅನ್ನೋದು. ಕೈಕೊಂಡರಹಳ್ಳಿ ಕೆರೆ ಇದಕ್ಕೆ ಒಂದು ಉತ್ತರ. ಸುಮಾರು 48 ಎಕರೆಯ ಆ ಕೆರೆ ಹದಿನೈದು–ಹದಿನಾರು ವರ್ಷದ ಹಿಂದೆ ಕೊಳಚೆ ಮತ್ತು ಕಸದ ಗುಂಡಿಯಾಗಿತ್ತು. ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು, ಹಳೇ ಊರಿನವರು, ಪರಿಸರ ಬಲ್ಲವರು, ಬಿಬಿಎಂಪಿ ಎಂಜಿನಿಯರುಗಳು ಒಟ್ಟಿಗೆ ಕೂತು ಯೋಜನೆ ಮಾಡಿದ್ರು. ಹೂಳು ತೆಗೆದ್ರು, ಕೊಳಚೆಯನ್ನ ಬೇರೆ ದಾರಿಗೆ ತಿರುಗಿಸಿದ್ರು, ಗಿಡ ನೆಟ್ಟರು. ಕೆಲಸ ಮುಗಿದ ಮೇಲೂ ಸಂಘ ಮಾಡಿಕೊಂಡು ಕಾವಲು ಕಾಯ್ತಾ ಬಂದ್ರು. ಹುಲ್ಲು ಕೊಯ್ಯೋರು, ದನ ಮೇಯಿಸೋರು ಕೂಡ ಕೆರೆಯವರೇ ಅನ್ನೋ ಮಾತು ಅಲ್ಲಿ ಕೇಳಿಬಂತು. ಅಲ್ಲಿ ಈಗ ಎಲ್ಲಾ ಸರಿ ಇದೆ ಅಂತ ಅಲ್ಲ, ಮೇಲಿನ ಕೊಳಚೆಯ ಜೊತೆ ಗುದ್ದಾಟ ಮುಗಿಯೋದೇ ಇಲ್ಲ. ಆದರೆ ಅವರು ಹಕ್ಕಿನ ಜೊತೆ ಹಂಗನ್ನೂ ಹೊತ್ತುಕೊಂಡವರು.

ನಾನು ಅಷ್ಟೆಲ್ಲ ಮಾಡಿಲ್ಲ. ಮಾಡಿದ್ದು ಒಂದು ಸಣ್ಣ ಕೆಲಸ. ನಮ್ಮ ಅಪಾರ್ಟ್‌ಮೆಂಟಿಗೂ ಒಂದು ಎಸ್‌ಟಿಪಿ ಇದೆ, ಬೇಸ್‌ಮೆಂಟಿನ ಮೂಲೆಯಲ್ಲಿ. ಏಳು ವರ್ಷ ಅದರ ಮೇಲೆ ಕಾರು ನಿಲ್ಲಿಸಿದ್ದೀನಿ, ಒಂದು ದಿನ ಒಳಗೆ ಹೋಗಿ ನೋಡಿರಲಿಲ್ಲ. ಅಪ್ಪ ಊರಿಗೆ ಹೋದ ಮೇಲೆ ಹೋದೆ. ಆಪರೇಟರು ಒಡಿಶಾದ ಹುಡುಗ. ರಾತ್ರಿ ಹೊತ್ತು ಗಾಳಿ ಊದೋ ಬ್ಲೋಯರ್ ಆಫ್ ಮಾಡ್ತೀವಿ ಸರ್, ಕರೆಂಟ್ ಬಿಲ್ ಉಳಿಸಿ ಅಂತ ಹೇಳಿದ್ದಾರೆ ಅಂದ. ಗಾಳಿ ನಿಂತ್ರೆ ಕೊಳಚೆ ತಿನ್ನೋ ಬ್ಯಾಕ್ಟೀರಿಯಾ ಸಾಯುತ್ತೆ. ಅರ್ಧಂಬರ್ಧ ತೊಳೆದ ನೀರು ಹೊರಗಿನ ಲೈನಿಗೆ ಹೋಗುತ್ತೆ. ಹೇಳಿದವರು ಯಾರು? ನಮ್ಮದೇ ಕಮಿಟಿ. ಆ ವರ್ಷದ ಖರ್ಚು ಕಡಿತದ ಪಟ್ಟಿಗೆ ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಮುಂದಿನ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಇಪ್ಪತ್ನಾಲ್ಕು ಗಂಟೆ ಓಡಿಸಿದ್ರೆ ಮನೆಗೆ ತಿಂಗಳಿಗೆ ಒಂದು ಪಿಜ್ಜಾ ದುಡ್ಡು ಜಾಸ್ತಿ ಆಗುತ್ತೆ ಅಂತ ಲೆಕ್ಕ ತೋರಿಸಿದೆ. ಒಬ್ಬರು, "ಗೇಟಿಂದ ಆಚೆ ಹೋದ ಮೇಲೆ ಅದು ಎಲ್ಲಿಗೆ ಹೋಗುತ್ತೋ ನಮಗೇನು ಸರ್?" ಅಂದ್ರು. "ನಮ್ಮಪ್ಪನ ಊರಿಗೆ ಹೋಗುತ್ತೆ" ಅಂದೆ. ಯಾರೋ ನಕ್ಕರು, ಜೋಕು ಅಂದುಕೊಂಡು. ಆಮೇಲೆ ನಗು ನಿಂತಿತು. ಆರು ತಿಂಗಳ ಮಟ್ಟಿಗೆ ಅಂತ ಕಡಿಮೆ ಅಂತರದಲ್ಲಿ ಪಾಸಾಯ್ತು. ಆರು ತಿಂಗಳಾದ ಮೇಲೆ ಮತ್ತೆ ಜಗಳ ಆಡಬೇಕು. ಒಂದು ಬ್ಲೋಯರಿನಿಂದ 44 ಕೋಟಿ ಲೀಟರು ಶುದ್ಧ ಆಗಲ್ಲ ಅಂತ ನನಗೂ ಗೊತ್ತು. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಕೋಲಾರದವರು ಮಾತ್ರ ಯಾಕೆ ಕೂಗಬೇಕು, ನೀರು ಕೆಡಿಸೋ ನಾವು ಯಾಕೆ ಕೂಗಬಾರದು ಅಂತ ಕೇಳೋ ಧೈರ್ಯ ಬಂದದ್ದು ಆ ಬೇಸ್‌ಮೆಂಟಿಗೆ ಇಳಿದ ಮೇಲೆಯೇ.

ಭಾನುವಾರ ಕೆರೆಗೆ ಹೋಗೋದು ಬಿಟ್ಟಿಲ್ಲ. ಬಿಟ್ಟರೆ ಯಾರಿಗೂ ಏನೂ ಬರಲ್ಲ. ದಿನಾ ಕಣ್ಣಿಗೆ ಬೀಳದ ಕೆರೆಯ ಬಗ್ಗೆ ಯಾರು ಜಗಳ ಆಡ್ತಾರೆ? ಖುಷಿ ಪಡೋದು ತಪ್ಪಲ್ಲ, ಖುಷಿಯ ಹಿಂದಿನ ಲೆಕ್ಕ ನೋಡದೇ ಇರೋದು ತಪ್ಪು ಅಂತ ಈಗ ಅನ್ಸುತ್ತೆ. ಹಾಗಾಗಿ ಸುತ್ತು ಶುರು ಮಾಡೋ ಜಾಗ ಬದಲಾಯಿಸಿದ್ದೀವಿ. ಮೊದಲು ನಾನು, ಮಗಳು ನೀರು ಒಳಗೆ ಬರೋ ಕಾಲುವೆ ಹತ್ತಿರ ಹೋಗಿ ನಿಲ್ತೀವಿ. ಬಣ್ಣ ನೋಡ್ತೀವಿ, ವಾಸನೆ ನೋಡ್ತೀವಿ. ಕೆಟ್ಟದಾಗಿದ್ರೆ ಫೋಟೋ ತೆಗೆದು ದೂರು ಕೊಡ್ತೀವಿ. ಆಮೇಲೆ ಕೊಕ್ಕರೆ.

ಸಂಜೆ ಅಪ್ಪ ಫೋನು ಮಾಡಿದ್ರೆ ಮೊದಲು ಕೇಳೋದು ಒಂದೇ. "ಕೆರೆ ಕಡೆ ಹೋಗಿದ್ಯೇನಪ್ಪಾ?"

ಹೋಗಿದ್ದೆ ಅಂತೀನಿ. ಅಪ್ಪ ನಗ್ತಾನೆ. "ಇವತ್ತು ನೀರು ಪರವಾಗಿಲ್ಲ" ಅಂತಾನೆ, ಇಲ್ಲಾ "ಯಾಕೋ ನೊರೆ ಐತೆ" ಅಂತಾನೆ. ನಾನು ಬರೆದುಕೊಳ್ತೀನಿ.